ಗಾಂಜಾ ಗಿಡಕ್ಕೆ ಪಂಚೆಯ ಚಪ್ಪರ

ಹೋದ ವಾರ ಪೆನ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಬೀದಿಗೆ ಬಂದರೆ ಗಪ್ಪೆಂದು ಆ ವಾಸನೆ. ನ್ಯೂಯಾರ್ಕಿನಲ್ಲಿ ಈಗ ಅದೇನೂ ಹೊಸದಲ್ಲ. ಕಾನೂನು ಬದಲಾದ ಮೇಲೆ ಯಾರಿಗೂ ಮುಚ್ಚುಮರೆಯಿಲ್ಲ. ಜೊತೆಗಿದ್ದ ಗೆಳತಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು, "ಥೂ, ಏನ್ ಗಬ್ಬು ವಾಸ್ನೆ ರೀ ಇದು" ಎಂದಳು. ನಾನು ಮಾತ್ರ ನಿಂತಲ್ಲೇ ನಿಂತು ಎದೆ ತುಂಬ ಉಸಿರೆಳೆದುಕೊಂಡು ನಕ್ಕೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅರವತ್ತು ದಾಟಿದ, ಏಕಾದಶಿಗೆ ಅವಲಕ್ಕಿ ತಿಂದುಕೊಂಡಿರುವ ಹೆಂಗಸಿಗೆ ಇದೇನು ಬಂತು ಎಂದು ಅವಳಿಗೆ ಅನ್ನಿಸಿದ್ದರೆ ತಪ್ಪಲ್ಲ. ನಾನು ಜನ್ಮದಲ್ಲಿ ಒಂದು ಬೀಡಿಯನ್ನೂ ಸೇದಿದವಳಲ್ಲ. ಆದರೆ ಗಾಂಜಾ ಬೆಳೆದವಳು ಹೌದು. ಅದನ್ನೂ ಸುಮ್ಮನೆ ಬೆಳೆಯಲಿಲ್ಲ, ಬಿಸಿಲಿನ ಬಾಯಿಂದ ಕಿತ್ತುಕೊಂಡು ಬೆಳೆದೆ. ಆ ಬೇಸಿಗೆಯ ಕಥೆ ಹೇಳುವಾಗ ನನಗೆ ಇವತ್ತಿಗೂ ಸ್ವಲ್ಪ ಜಂಬ ಬರುತ್ತದೆ, ಬರಲಿ.

ಎಲ್ಲ ಶುರುವಾದದ್ದು ನನ್ನ ಅಕ್ಕ ವಿಜಯಳಿಗೆ ಸರ್ಪಸುತ್ತು ಆದದ್ದರಿಂದ. ಅವಳೂ ಭಾವನೂ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿದ್ದಾರೆ. ನಾನು ಮತ್ತು ನನ್ನ ಗಂಡ ರವಿ ಇರುವುದು ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ, ಹಿಕ್ಸ್‌ವಿಲ್ಲಿನಲ್ಲಿ. ಚಳಿಗಾಲದಲ್ಲಿ ಅವಳ ಎಡಭುಜದಿಂದ ಬೆನ್ನಿನವರೆಗೆ ಗುಳ್ಳೆ ಎದ್ದವು. ಹುಣ್ಣು ಒಣಗಿತು, ಉರಿ ಮಾತ್ರ ಹೋಗಲಿಲ್ಲ. ರವಿಕೆ ತಾಗಿದರೆ ಉರಿ, ದಿಂಬು ತಾಗಿದರೆ ಉರಿ, ಕಿಟಕಿಯ ಬಿಸಿಲು ಬಿದ್ದರಂತೂ ಚೀರುವಷ್ಟು ಉರಿ. ಭಾವನ ಹಳೆಯ, ಒಗೆದೂ ಒಗೆದೂ ಮೆತ್ತಗಾದ ಪಂಚೆಯೊಂದನ್ನು ಹೆಗಲಿಗೆ ಸುತ್ತಿಕೊಂಡು ಕೂತಿರುತ್ತಿದ್ದಳು. ಡಾಕ್ಟರು ಕೊಟ್ಟ ಮಾತ್ರೆಗೆ ತಲೆ ಸುತ್ತಿ ಬಚ್ಚಲಿನಲ್ಲಿ ಬಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ನಿದ್ದೆಯೇ ಹೊರಟುಹೋಗಿತ್ತು. ತುಂಬು ಮೈಯ, ಬಾಯಿ ತೆರೆದರೆ ಊರು ನಗಿಸುತ್ತಿದ್ದ ನನ್ನಕ್ಕ ಕಣ್ಣ ಸುತ್ತ ಕಪ್ಪು ಕಟ್ಟಿಕೊಂಡು ಗೋಡೆ ನೋಡುತ್ತ ಕೂರುವವಳಾದಳು. ನನಗೆ ಅವಳನ್ನು ನೋಡಲಾಗುತ್ತಿರಲಿಲ್ಲ.

ನೋವಿನ ಡಾಕ್ಟರು ಕೊನೆಗೆ, ಗಾಂಜಾ ಹಾಕಿ ಕಾಸಿದ ಎಣ್ಣೆಯನ್ನು ಬಹಳ ಸಣ್ಣ ಪ್ರಮಾಣದಲ್ಲಿ ತೆಗೆದುಕೊಂಡು ನೋಡಬಹುದು, ಕೆಲವರಿಗೆ ನಿದ್ದೆ ಬರುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ, ಗ್ಯಾರಂಟಿ ಕೊಡಲಾರೆ ಎಂದರು. ಭಾವ ಆಗಲೇ ಕಾರಿನ ಕೀ ಕೈಗೆತ್ತಿಕೊಂಡಿದ್ದರು. ಅಕ್ಕ ಕೂತಲ್ಲಿಂದ ಅಲ್ಲಾಡಲಿಲ್ಲ.

"ಆ ಹಸಿರು ದೀಪ ಹಾಕಿರೋ ಅಂಗಡಿಗೆ ನಾನು ಕಾಲಿಡಲ್ಲ. ನೀವು ತಂದ್ರೂ ಮುಟ್ಟಲ್ಲ."

"ಔಷಧಿ ಕಣೇ ಅದು" ಎಂದರು ಭಾವ.

"ಅಂಗಳದಲ್ಲಿ ಬೆಳೆದಿದ್ದು ಔಷಧಿ, ಅಂಗಡೀಲಿ ಕೊಂಡಿದ್ದು ಚಟ. ಅಮೃತಬಳ್ಳಿ, ಬಜೆ, ದೊಡ್ಡಪತ್ರೆ ಎಲ್ಲಾ ನಾವು ಬೆಳೆದೇ ತಿಂದಿದ್ದು. ಇದೂ ಹಾಗೇ ಆದ್ರೆ ತಗೋತೀನಿ. ಇಲ್ದೆ ಇದ್ರೆ ನನ್ನ ಪಾಡಿಗೆ ನನ್ನ ಬಿಡಿ."

ನಮ್ಮಕ್ಕ ಹಿಡಿದ ಹಟ ಬ್ರಹ್ಮ ಬಂದರೂ ಬಿಡಿಸಲಾರ. ಭಾವ ಕಾನೂನು ವಿಚಾರಿಸಿದರು. ನ್ಯೂಜೆರ್ಸಿಯಲ್ಲಿ ಅಂಗಡಿಯಿಂದ ಕೊಳ್ಳಬಹುದು, ಮನೆಯಲ್ಲಿ ಒಂದು ಗಿಡವನ್ನೂ ಬೆಳೆಸುವಂತಿಲ್ಲ. ನಮ್ಮ ನ್ಯೂಯಾರ್ಕಿನಲ್ಲಿ ದೊಡ್ಡವರೊಬ್ಬರು ಮೂರು ದೊಡ್ಡ ಗಿಡ ಬೆಳೆಸಿಕೊಳ್ಳಬಹುದು, ಬೀದಿಗೆ ಕಾಣಬಾರದು, ಬೀಗದ ಬಂದೋಬಸ್ತು ಇರಬೇಕು. ಬೆಳೆದದ್ದನ್ನು ಸ್ಟೇಟ್ ದಾಟಿಸುವಂತೆಯೂ ಇಲ್ಲ. ಅಂದಮೇಲೆ ಗಿಡ ನಮ್ಮ ಹಿತ್ತಲಿನಲ್ಲಿ, ಅಕ್ಕ ನಮ್ಮ ಮನೆಯಲ್ಲಿ ಎಂದು ತೀರ್ಮಾನವಾಯಿತು. ಭಾವ ವಾರಪೂರ್ತಿ ಪಾರ್ಸಿಪನಿಯಲ್ಲಿ ಆಫೀಸು ಮುಗಿಸಿ, ಶುಕ್ರವಾರ ಸಂಜೆ ಎರಡು ಸೇತುವೆಯ ಟ್ರಾಫಿಕ್ಕಿಗೆ ಶಾಪ ಹಾಕುತ್ತ ನಮ್ಮಲ್ಲಿಗೆ ಬರತೊಡಗಿದರು. ಹಿತ್ತಲ ಬಾಗಿಲಿಗೆ ಹಿತ್ತಾಳೆಯ ಬೀಗ ಹಾಕಿದವರೂ ಅವರೇ.

ಬೀಜ ಮೊಳಕೆ ಬರಿಸುವುದು ನಮಗೇನು ದೊಡ್ಡ ವಿದ್ಯೆ? ಹೆಸರುಕಾಳಿಗೆ ಮಾಡುವುದನ್ನೇ ಮಾಡಿದೆ: ಒದ್ದೆ ಬಟ್ಟೆ, ಬೆಚ್ಚನೆಯ ಮೂಲೆ. ಮೊಳಕೆ ಒಡೆದವನ್ನು ಬೇಸ್‌ಮೆಂಟಿನಲ್ಲಿ ಒಂದು ಬಲ್ಬಿನ ಕೆಳಗೆ ಇಟ್ಟು ಸಾಕಿದೆ. ಮೇ ಕೊನೆಗೆ ಮೂರೂ ಮೊಣಕಾಲುದ್ದ ಬೆಳೆದು, ಕಪ್ಪು ಪ್ಲಾಸ್ಟಿಕ್ ಕುಂಡಗಳಲ್ಲಿ ಲಕಲಕ ಎನ್ನುತ್ತಿದ್ದವು. ಇನ್ನು ಹೊರಗಿಡಬೇಕು. ಇಲ್ಲೇ ನಾವು ನಮ್ಮವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಮಾಡಿದೆವು.

ಭಾವನಿಗೆ ಪಂಚಾಂಗದ ಹುಚ್ಚು. ಕಾರಿನ ಟೈರು ಬದಲಾಯಿಸುವುದಕ್ಕೂ ಫೋನಿನಲ್ಲಿ ಪಂಚಾಂಗ ತೆರೆದು ನೋಡುವವರು.

"ಶನಿವಾರ ಬೆಳಗ್ಗೆ ರಾಹುಕಾಲ, ಆಗ ಬೇಡವೇ ಬೇಡ. ಅಭಿಜಿನ್ ಮುಹೂರ್ತಕ್ಕೆ ಇಟ್ಬಿಡೋಣ. ಸೂರ್ಯ ನೆತ್ತಿ ಮೇಲಿರ್ತಾನೆ, ಸಕಲ ದೋಷಾನೂ ಸುಟ್ಟು ಹಾಕ್ತಾನೆ."

"ಬಿಸಿಲು ಜೋರಿರುತ್ತಲ್ವಾ ಮೂರ್ತಿಯವ್ರೇ" ಎಂದು ರವಿ ರಾಗ ಎಳೆದರು.

"ಗಿಡಕ್ಕೆ ಬಿಸಿಲು ಬೇಡ ಅಂದ್ರೆ ಮತ್ತೇನ್ರೀ ಬೇಕು? ಕಾಫೀನಾ?"

ಸರಿ, ನಡುಹಗಲಿಗೆ ಸರಿಯಾಗಿ ಮೂರು ಕುಂಡಗಳಿಗೂ ಕುಂಕುಮ ಇಟ್ಟು, ಆರತಿ ಎತ್ತಿ, ಸಿಮೆಂಟಿನ ಪ್ಯಾಟಿಯೋ ಮೇಲೆ ಸಾಲಾಗಿ ಇಟ್ಟೆವು. ಹುಟ್ಟಿದಾಗಿನಿಂದ ಬಲ್ಬು ಬಿಟ್ಟು ಬೇರೆ ಬೆಳಕು ಕಾಣದ ಗಿಡಗಳು ಅವು. ಆಮೇಲೆ ಒಳಗೆ ಹೋಗಿ ಬಿಸಿಬೇಳೆಭಾತು ಹೊಡೆದು ಎಲ್ಲರೂ ಮಲಗಿದೆವು. ಅಕ್ಕ ಮಲಗಲಿಲ್ಲ, ಅವಳಿಗೆಲ್ಲಿಯ ನಿದ್ದೆ. ಸಂಜೆ ಅವಳ ಕೂಗು ಕೇಳಿ ಹೋಗಿ ನೋಡಿದರೆ, ಮೇಲಿನ ಎಲೆಗಳೆಲ್ಲ ಬಣ್ಣ ಕಳೆದುಕೊಂಡು ಬಿಳಿಚಿ ಕಾಗದದ ಹಾಗಾಗಿವೆ, ಅಂಚುಗಳು ಎಣ್ಣೆಗೆ ಬಿಟ್ಟ ಹಪ್ಪಳದಂತೆ ಮೇಲಕ್ಕೆ ಸುರುಟಿಕೊಂಡಿವೆ. ಕುಂಡದ ಹೊರಮೈ ಮುಟ್ಟಿದರೆ ಕೈ ಚುರ್ ಎಂದಿತು. ದೋಷದ ಜೊತೆ ಗಿಡವೂ ಸುಟ್ಟಿತ್ತು.

ಭಾವನ ಮುಖ ನೋಡುವಂತಿರಲಿಲ್ಲ. ರವಿ, ಹೊಸ ಬೀಜ ಹಾಕೋಣ ಎಂದರು. ಆದರೆ ಹೊಸ ಬೀಜ ಮೊಳೆತು ಬೆಳೆಯುವ ಹೊತ್ತಿಗೆ ಅರ್ಧ ಬೇಸಿಗೆ ಮುಗಿದಿರುತ್ತದೆ. ಅಕ್ಕ ಬಿಳಿಚಿದ ಎಲೆಯೊಂದನ್ನು ಬೆರಳ ತುದಿಯಿಂದ ಸವರಿದಳು.

"ಬಿಡೇ ಸುಮಾ. ಇವು ಉಳಿದ್ರೆ ಉಳೀಲಿ. ಹೋದ್ರೆ ನಾನು ಪಾರ್ಸಿಪನಿಗೆ ವಾಪಸ್ ಹೋಗ್ತೀನಿ. ಇನ್ನೊಂದ್ಸಲ ಆಸೆ ಇಟ್ಕೊಂಡು ಕಾಯೋ ಶಕ್ತಿ ನನಗಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟು ಭಾವನ ಮೇಲಲ್ಲ, ಸೂರ್ಯನ ಮೇಲೆ. ನೋಡೇಬಿಡೋಣ ಎಂದುಕೊಂಡೆ.

ಅವತ್ತೇ ಕುಂಡಗಳನ್ನು ಬಿಸಿಲು ಬೀಳದ ಉತ್ತರದ ಗೋಡೆಯ ಬದಿಗೆ ಸಾಗಿಸಿದೆ. ಸುಟ್ಟ ಎಲೆಗಳನ್ನು ಕೀಳಲಿಲ್ಲ. ಅಳಿದುಳಿದ ಹಸಿರು ಅವುಗಳಲ್ಲಿತ್ತು, ಗಿಡಕ್ಕೆ ಅದೇ ಊಟ. ಆಸ್ಪತ್ರೆಯ ಲ್ಯಾಬಿನಲ್ಲಿ ನೌಕರಿ ಮುಗಿಸಿದವಳು ನಾನು, ಓದಿ ತಿಳಿದುಕೊಳ್ಳುವುದಕ್ಕೆ ಸೋಮಾರಿಯಲ್ಲ. ಒಳಗೆ ಬೆಳೆದ ಗಿಡವನ್ನು ಬಾಣಂತಿಯನ್ನು ಹೊರಗೆ ತರುವಂತೆ ತರಬೇಕು: ಮೊದಲು ನೆರಳು, ಆಮೇಲೆ ಎಳೆಬಿಸಿಲು, ಆಮೇಲೆ ದಿನದಿನಕ್ಕೆ ಸ್ವಲ್ಪ ಹೆಚ್ಚು. ವಾರ ಕಳೆಯುವಷ್ಟರಲ್ಲಿ ಎರಡು ಗಿಡಗಳ ಗಿಣ್ಣಿನಲ್ಲಿ ಉಗುರಿನಷ್ಟು ಹಸಿರು ಇಣುಕಿತು. ಮೂರನೆಯದು ಸತಾಯಿಸಿ ಸತಾಯಿಸಿ ಕೊನೆಗೆ ಚಿಗುರಿತು. ನಾನು ಅಡುಗೆಮನೆಗೆ ಓಡಿ ಬಂದು ಅಕ್ಕನಿಗೆ ಹೇಳಿದರೆ ಅವಳು, "ನೋಡೋಣ" ಎಂದಳು. ಆದರೆ ಕುರ್ಚಿಯನ್ನು ಹಿತ್ತಲ ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಳು.

ಮುಂದಿನ ಚಿಂತೆ ನೆರಳಿನದು. ಗಿಡಕ್ಕೆ ಬೆಳಕು ಬೇಕು, ಸುಡುವ ಬಿಸಿಲು ಬೇಡ. ಅಂಗಡಿಯಿಂದ ತಂದ ಕರಿಯ ನೆರಳುಬಲೆ ತೀರಾ ದಟ್ಟವಾಯಿತು, ಗಿಡಗಳು ಬೆಳಕಿಗಾಗಿ ಕತ್ತು ಚಾಚತೊಡಗಿದವು. ಹಾಸಿಗೆಯ ಬೆಡ್‌ಶೀಟಂತೂ ಇನ್ನೂ ದಪ್ಪ. ಇದನ್ನೆಲ್ಲ ನೋಡುತ್ತ ಕೂತಿದ್ದ ಅಕ್ಕ ಹೆಗಲ ಮೇಲಿನ ಪಂಚೆಯನ್ನೇ ಎಳೆದು ಕಿಟಕಿಯಿಂದ ಹೊರಗೆ ಚಾಚಿದಳು.

"ಇದನ್ನ ಕಟ್ಟಿ ನೋಡೇ. ಇಡೀ ಮನೇಲಿ ನನ್ನ ಮೈಗೆ ಆಗ್ಬಂದಿದ್ದು ಇದೊಂದೇ. ಅದಕ್ಕೂ ಆಗುತ್ತೆ."

ಆಗಿಯೇ ಬಂತು. ಸವೆದ ನೂಲಿನ ನಡುವೆ ಬೆಳಕು ಸೋಸಿಕೊಂಡು ಬೀಳುತ್ತಿತ್ತು. ಮುಂದಿನ ಶುಕ್ರವಾರ ಭಾವ ತಮ್ಮ ಹಳೆಯ ಪಂಚೆಗಳನ್ನೆಲ್ಲ ಗಂಟು ಕಟ್ಟಿಕೊಂಡು ತಂದರು. ಬಿದಿರು ಕಡ್ಡಿ ನೆಟ್ಟು ಚಪ್ಪರ ಎಬ್ಬಿಸಿದೆವು. ಮೊದಲು ಎರಡು ಪದರ, ಗಿಡ ಬಲಿತಂತೆ ಒಂದು. ಕಾದ ಸಿಮೆಂಟು ಬೇರನ್ನು ಬೇಯಿಸುತ್ತದೆಂದು ಕುಂಡಗಳನ್ನು ಪೂಜೆಗೆ ಕೂರುವ ಮಣೆಗಳ ಮೇಲೆ ಏರಿಸಿದೆ. ಕಪ್ಪು ಪ್ಲಾಸ್ಟಿಕ್ಕು ಬಿಸಿಲು ಹೀರುತ್ತದೆಂದು ಬಾಸ್ಮತಿ ಅಕ್ಕಿಯ ಸೆಣಬಿನ ಚೀಲ ಸುತ್ತಿದೆ. ಮಣ್ಣಿನ ಮೇಲೆ ಒಣಹುಲ್ಲು ಹೊದಿಸಿದೆ. ನೀರು ಬೆಳಗ್ಗೆ ತಂಪು ಹೊತ್ತಿನಲ್ಲಿ, ಬೆರಳು ಮಣ್ಣಿಗಿಳಿಸಿ ಒಣಗಿದೆ ಎನಿಸಿದರೆ ಮಾತ್ರ. ಚಪ್ಪರ, ಮಣೆ, ಮೈಗೆ ಸುತ್ತಿದ ವಸ್ತ್ರ ಎಲ್ಲ ಆದಮೇಲೆ ದೂರ ನಿಂತು ನೋಡಿದ ರವಿ, "ಧಾರೆ ಯಾವಾಗ?" ಎಂದರು. ಬಹಳ ದಿನಗಳ ಮೇಲೆ ಕಿಟಕಿಯೊಳಗಿಂದ ಅಕ್ಕನ ನಗು ಕೇಳಿತು.

ಜೂನ್ ಕೊನೆಯ ಹೊತ್ತಿಗೆ ಎರಡು ಗಿಡಗಳು ಸೊಂಟದುದ್ದ ಬಂದಿದ್ದವು. ನಡುವಿನದಕ್ಕೆ ಮಾತ್ರ ಏನೋ ಕಾಟ. ಚಪ್ಪರ ಸರಿಯಾಗಿದೆ, ನೀರು ಸರಿಯಾಗಿದೆ, ಆದರೂ ನೆರೆಮನೆಯ ಕಡೆಗಿನ ಅದರ ಪಕ್ಕ ಮಾತ್ರ ದಿನಾ ಇಷ್ಟಿಷ್ಟೇ ಬಿಳಿಚುತ್ತ ಬಂತು. ಸೂರ್ಯ ಆ ದಿಕ್ಕಿನಲ್ಲಿ ಬರುವುದೇ ಇಲ್ಲ! ರವಿ ಹುಳವೆಂದು ಭೂತಗನ್ನಡಿ ಹಿಡಿದರು. ನಾನು ಗೊಬ್ಬರ ಹೆಚ್ಚಾಯಿತೆಂದು ಪೇಚಾಡಿದೆ. ಭಾವ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ತಂದರು.

"ದೃಷ್ಟಿ ಕಣಮ್ಮ ಇದು."

"ಬೀಗ ಹಾಕಿರೋ ಹಿತ್ತಲಿನ ಗಾಂಜಾ ಗಿಡಕ್ಕೆ ಯಾರು ಭಾವ ದೃಷ್ಟಿ ಹಾಕ್ತಾರೆ?"

"ಈ ಊರಲ್ಲಿ ಯಾರು ಹಾಕಲ್ಲ ಅಂತ ಹೇಳು ನೋಡೋಣ" ಎಂದು ಕಟ್ಟಿಯೇಬಿಟ್ಟರು.

ದೃಷ್ಟಿಯೂ ಹೋಗಲಿಲ್ಲ, ಬಿಳಿಚುವುದೂ ನಿಲ್ಲಲಿಲ್ಲ. ಆ ಪಕ್ಕದ ಎರಡು ಕೊಂಬೆ ಬರಿದಾದವು. ನಾನು ಒಳಗೊಳಗೇ ಸೋಲತೊಡಗಿದ್ದೆ. ಅಕ್ಕನ ಎದುರು ಮಾತ್ರ ತೋರಿಸಿಕೊಳ್ಳಲಿಲ್ಲ.

ಅದೊಂದು ಶನಿವಾರ ಮಧ್ಯಾಹ್ನ ಕಾಫಿಗೆ ನೀರಿಡುತ್ತಿದ್ದೆ. ಅಕ್ಕ ಎಂದಿನಂತೆ ಕುರ್ಚಿಯನ್ನು ಕಿಟಕಿಯಿಂದ ಆಚೆಗೆ ಸರಿಸಿದಳು. ದಿನಾ ಅದೇ ಹೊತ್ತಿಗೆ ಸರಿಸುತ್ತಿದ್ದಳು, ನಾನು ಕಾರಣ ಕೇಳಿರಲಿಲ್ಲ. ಅವತ್ತು ಸುಮ್ಮನೆ ಕೇಳಿದೆ.

"ಬಿಸಿಲು ಬರುತ್ತಲ್ಲೇ ಭುಜದ ಮೇಲೆ. ಬೆಂಕಿ ಇಟ್ಟ ಹಾಗಾಗುತ್ತೆ."

"ಈ ಹೊತ್ತಿಗೆ ಸೂರ್ಯ ಮನೆ ಮುಂದಿನ ಕಡೆ ಇದ್ದಾನೆ ಅಕ್ಕ. ಈ ಕಿಟಕಿಗೆ ಬಿಸಿಲೆಲ್ಲಿಂದ ಬರುತ್ತೆ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಎದ್ದಳು. ಗಿಡಗಳನ್ನು ಹೊರಗಿಟ್ಟ ಆ ಶನಿವಾರ ಬಿಟ್ಟರೆ ಹಗಲು ಹೊತ್ತು ಹೊಸಿಲು ದಾಟದಿದ್ದವಳು ನೇರ ಹಿತ್ತಲಿಗೆ ಇಳಿದಳು. ಹೆಗಲಿನ ಪಂಚೆ ತೆಗೆದು ಭಾವನ ಕೈಗೆ ಕೊಟ್ಟು, ಉರಿಯುವ ಭುಜವನ್ನು ಬರಿದು ಮಾಡಿಕೊಂಡು ನಡುವಿನ ಗಿಡದ ಸುತ್ತ ಹೆಜ್ಜೆ ಹೆಜ್ಜೆಯಾಗಿ ಸರಿದಳು.

"ವಿಜಯಾ, ಬೇಡ ಕಣೇ, ಒಳಗೆ ಬಾ" ಎಂದು ಭಾವ ಗೋಗರೆದರು.

"ಸುಮ್ನಿರ್ರೀ." ಇನ್ನೊಂದು ಹೆಜ್ಜೆ. ಇದ್ದಕ್ಕಿದ್ದಂತೆ, "ಅಯ್ಯಯ್ಯೋ!" ಎಂದು ಹಲ್ಲು ಕಚ್ಚಿದಳು. ಆದರೆ ಜಾಗ ಬಿಟ್ಟು ಕದಲಲಿಲ್ಲ. ಕಣ್ಣು ಕಿರಿದು ಮಾಡಿ ಎದುರಿಗೆ ಬೆರಳು ತೋರಿಸಿದಳು. "ಅಲ್ಲಿ! ಅವ್ರ ಕಿಟಕಿ!"

ಪಕ್ಕದ ಮನೆಯವರು ವಸಂತದಲ್ಲಿ ಮಹಡಿಯ ಕಿಟಕಿಗಳನ್ನು ಬದಲಾಯಿಸಿದ್ದರು. ಆ ಹೊಸ ಗಾಜು ಮಧ್ಯಾಹ್ನದ ಬಿಸಿಲನ್ನೆಲ್ಲ ಒಟ್ಟುಮಾಡಿ ಕನ್ನಡಿಯಂತೆ ನಮ್ಮ ಹಿತ್ತಲಿಗೆ ಎಸೆಯುತ್ತಿತ್ತು. ಬಿಸಿಲಿನ ಆ ಪಟ್ಟಿ ಚಪ್ಪರದ ಕೆಳಗೆ ಅಡ್ಡಡ್ಡ ನುಗ್ಗಿ ನಡುವಿನ ಗಿಡವನ್ನು ಸವರಿ, ಸರಿಯುತ್ತ ಸರಿಯುತ್ತ ಅಡುಗೆಮನೆಯ ಕಿಟಕಿಯಲ್ಲಿ ಅಕ್ಕನ ಭುಜಕ್ಕೆ ಬಂದು ಮುಟ್ಟುತ್ತಿತ್ತು. ನಮ್ಮ ಭೂತಗನ್ನಡಿಗೂ ನನ್ನ ಓದಿಗೂ ಸಿಗದಿದ್ದನ್ನು ಅವಳ ನೋವು ಹಿಡಿದಿತ್ತು.

"ನಾನು ನಿಂತಿರೋ ಜಾಗಕ್ಕೆ ಅಡ್ಡ ಹಿಡೀರಿ! ಬೇಗ! ರವಿ, ಮೇಲೆ ಎತ್ತಪ್ಪಾ. ಇನ್ನೂ ಮೇಲೆ!"

ಷಡ್ಡಕರಿಬ್ಬರೂ ಪಂಚೆಯ ಒಂದೊಂದು ತುದಿ ಹಿಡಿದು, ಮದುವೆಯ ಅಂತರಪಟದಂತೆ ಎತ್ತಿ ನಿಂತರು. ಅಕ್ಕ ಕಣ್ಣು ಮುಚ್ಚಿ, ಭುಜದಿಂದಲೇ ಅಳೆದು ಹೇಳಿದಳು: "ಹಾಂ. ಈಗ ತಂಪಾಯ್ತು. ಅಲ್ಲೇ ಕಟ್ಟಿ." ನಾನು ಗೂಟ ಹೊಡೆದೆ. ಹೊಡೆಯುವಾಗ ಕಣ್ಣಲ್ಲಿ ನೀರು ತುಂಬಿ ಸುತ್ತಿಗೆ ಬೆರಳಿಗೆ ಬಿತ್ತು. ನೋವಾಗಲೇ ಇಲ್ಲ.

ಅವತ್ತಿನಿಂದ ಹಿತ್ತಲಿನ ಯಜಮಾನಿಕೆ ಅಕ್ಕನದು. ನಾವು ಮೂವರೂ ಅವಳ ಆಳುಗಳು. "ಪಂಚೆ ಜಾರಿದೆ, ಕಟ್ಟು." "ಚೀಲ ಒಣಗಿದೆ, ಒದ್ದೆ ಮಾಡು." "ಮಣೆ ಸಮೇತ ಮೂರನೇದನ್ನ ಒಂದು ಮೊಳ ಆಚೆಗೆ ತಳ್ಳು, ತಳ್ಳು, ಸಾಕು!" ಜುಲೈಯಲ್ಲಿ ಬಿಸಿಗಾಳಿ ಬಂತು. ಫೋನುಗಳು ಬಡಿದುಕೊಂಡು ಹೀಟ್ ಅಡ್ವೈಸರಿ ಕೊಟ್ಟವು. ನಮ್ಮ ಬೀದಿಯ ಹುಲ್ಲೆಲ್ಲ ಒಣಗಿ ಕಂದಾಯಿತು, ನನ್ನ ಟೊಮೆಟೊಗಳು ಗಿಡದಲ್ಲೇ ಬೆಂದವು, ಮುಂಭಾಗದ ಹೈಡ್ರೇಂಜಿಯಾ ಹೂಗಿಡ ತಲೆ ಬಗ್ಗಿಸಿ ಮತ್ತೆ ಎತ್ತಲಿಲ್ಲ. ಆ ಮೂರು ಮಾತ್ರ ಪಂಚೆಯ ಕೆಳಗೆ ಒಂದೂ ಎಲೆ ಸುರುಟದೆ ನಿಂತವು. ಬಿಸಿಗಾಳಿ ಇಳಿದ ದಿನ ಭಾವ ಹಿತ್ತಲಿಗೆ ಹೋಗಿ, ಸೂರ್ಯನಿಗೆ ಕೈಮುಗಿದು, "ಗೆದ್ವಿ ಸ್ವಾಮಿ" ಎಂದರು. ಸಿಹಿ ಆಗಲೇಬೇಕೆಂದು ನಾನು ಹಯಗ್ರೀವ ಮಾಡಿದೆ. ಆಮೇಲಿನ ವಾರಗಳಲ್ಲಿ ಭಾವ ಬಂದೊಡನೆ ಪಂಚಾಂಗ ತೆರೆಯುವುದು ಬಿಟ್ಟು, "ಏನ್ ಮೇಡಂ, ಈ ವಾರ ಕಿಟಕಿ ಬಿಸಿಲು ಎಲ್ಲಿಗೆ ಬಂದಿದೆ?" ಎಂದು ಹೆಂಡತಿಯನ್ನು ಕೇಳತೊಡಗಿದರು.

ಆಗಸ್ಟಿನಲ್ಲಿ ಮೊಗ್ಗು ಕಟ್ಟಿತು. ಸೆಪ್ಟೆಂಬರಿನಲ್ಲಿ ವಾಸನೆ ಹಿತ್ತಲು ದಾಟಿ ಅಡುಗೆಮನೆಗೆ, ಅಲ್ಲಿಂದ ದೇವರಮನೆಗೂ ಬಂತು. ಊದುಬತ್ತಿ ಹಚ್ಚಿ ಸಾಕಾಯಿತು. ನಡುವಿನ ಗಿಡ ಒಂದು ಪಕ್ಕ ಬೋಳಾಗಿದ್ದರೂ ಉಳಿದ ಪಕ್ಕದಲ್ಲಿ ಎಲ್ಲಕ್ಕಿಂತ ದಟ್ಟವಾಗಿ ಹೂಬಿಟ್ಟಿತು. ಅಕ್ಟೋಬರಿನ ಒಂದು ತಂಪು ಬೆಳಗ್ಗೆ ಅಕ್ಕನೇ ಮೊದಲ ಕೊಂಬೆ ಕತ್ತರಿಸಿದಳು. ಒಣಗಿಸಿ, ಕೊಬ್ಬರಿ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಸಿ, ಸೋಸಿ ಇಟ್ಟೆವು. ಡಾಕ್ಟರನ್ನು ಮತ್ತೆ ಕೇಳಿ, ಅವರು ಹೇಳಿದ ಅಳತೆಯಲ್ಲಿ ಶುರು ಮಾಡಿದಳು. ಮೊದಲ ಕೆಲವು ದಿನ ಏನೂ ಆಗಲಿಲ್ಲ.

ಆಮೇಲೊಂದು ಬೆಳಗ್ಗೆ ಅಕ್ಕ ಎದ್ದು ಬರಲಿಲ್ಲ. ದಿನಾ ನನಗಿಂತ ಮೊದಲೇ ಎದ್ದು ಡೈನಿಂಗ್ ಟೇಬಲ್ಲಿನ ಮುಂದೆ ತಲೆ ಹಿಡಿದುಕೊಂಡು ಕೂತಿರುತ್ತಿದ್ದವಳು. ಕಾಫಿ ಡಿಕಾಕ್ಷನ್ ಇಳಿಯಿತು, ಇಡ್ಲಿ ಬೆಂದಿತು, ಬರಲಿಲ್ಲ. ಕೋಣೆಯ ಬಾಗಿಲು ಮೆಲ್ಲಗೆ ತಳ್ಳಿದೆ. ಎಡಭುಜ ಕೆಳಗೆ ಮಾಡಿ, ದಿಂಬಿಗೆ ಪೂರ್ತಿ ಭಾರ ಬಿಟ್ಟು, ಬಾಯಿ ತೆರೆದು ಮಲಗಿದ್ದಳು. ಗೊರಕೆ ಹೊಡೆಯುತ್ತಿದ್ದಳು. ಎಂಥ ಗೊರಕೆ! ಬಾಗಿಲ ಚಿಲಕ ನಡುಗುವಂಥದು. ಉರಿ ಪೂರ್ತಿ ಹೋಗಿರಲಿಲ್ಲ, ಇವತ್ತಿಗೂ ಅಷ್ಟಿಷ್ಟು ಇದೆ. ಆದರೆ ನಿದ್ದೆ ವಾಪಸ್ಸು ಬಂದಿತ್ತು. ಓಡಿಹೋಗಿ ಚಟ್ನಿಗೆಂದು ಮಿಕ್ಸಿ ಹತ್ತಿರ ನಿಂತಿದ್ದ ರವಿಯ ಕೈ ಹಿಡಿದೆ. "ರೀ, ಮಿಕ್ಸಿ ಮುಟ್ಟಿದ್ರೆ ನೋಡಿ!" ಅವರಿಗೂ ಆಗ ಗೊರಕೆ ಕೇಳಿತು. ಇಬ್ಬರೂ ಅಡುಗೆಮನೆಯಲ್ಲಿ ಸದ್ದಿಲ್ಲದೆ ಕುಣಿದಾಡಿದೆವು.

ಅಷ್ಟರಲ್ಲಿ ಪಾರ್ಸಿಪನಿಯಿಂದ ಭಾವನ ಫೋನು, ಆಫೀಸಿಗೆ ಹೋಗುವ ದಾರಿಯಲ್ಲಿ ದಿನಾ ಮಾಡುವಂಥದು.

"ಎದ್ದಿದಾಳಾ? ಕೊಡು ಸ್ವಲ್ಪ."

"ಇಲ್ಲ ಭಾವ, ಮಲಗಿದಾಳೆ. ಗೊರಕೆ ಹೊಡೀತಿದಾಳೆ."

"ಸುಳ್ಳು ಹೇಳ್ಬೇಡ ಸುಮಾ" ಎಂದರು.

ನಾನು ಫೋನನ್ನು ಸ್ಪೀಕರಿಗೆ ಹಾಕಿ, ಕೋಣೆಯ ಬಾಗಿಲ ಸಂದಿಯಲ್ಲಿ ಹಿಡಿದೆ. ಅಕ್ಕ ನಮ್ಮ ಮರ್ಯಾದೆ ಉಳಿಸುವಂತೆ ಇನ್ನೂ ಜೋರಾಗಿ ಎಳೆದಳು. ಭಾವ ಕಾರನ್ನು ಬದಿಗೆ ನಿಲ್ಲಿಸಿದ್ದು, ಇಂಡಿಕೇಟರ್ ಟಿಕ್ ಟಿಕ್ ಎನ್ನುವುದು ಈ ಕಡೆಗೆ ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಫೋನು ಕೆಳಗಿಳಿಸಲು ಹೋದೆ.

"ತೆಗೀಬೇಡಮ್ಮ" ಎಂದರು, ದನಿ ಒದ್ದೆಯಾಗಿತ್ತು. "ಮದುವೆ ಆದಾಗಿಂದ ಈ ಗೊರಕೆಗೆ ಬೈಕೊಂಡು ಬಂದಿದೀನಿ ಕಣಮ್ಮ. ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿರು."